ಮರಿ ಉಣ್ಣೆಯ ಕಾಲ

ಕಾಡಿನ ಶಿಬಿರ
ಜನವರಿ 6

ಅತ್ತೆಯವರಿಗೆ ನಮಸ್ಕಾರ.

ನಿನ್ನೆ ಸಂಜೆ ತಲುಪಿದೆ. ಕೊನೆಯ ಏರಿನಲ್ಲಿ ಜೀಪು ಕೈಕೊಟ್ಟಿತು, ಎಲ್ಲರೂ ಇಳಿದು ತಳ್ಳಿದೆವು. ಅದು ಬಿಟ್ಟರೆ ತೊಂದರೆಯಾಗಲಿಲ್ಲ. ಹೋದ ವರ್ಷದ ಕೋಣೆಯೇ ಸಿಕ್ಕಿದೆ. ಕಬ್ಬಿಣದ ಮಂಚ, ಕಾಲು ಅಲ್ಲಾಡುವ ಮೇಜು, ಬಾಗಿಲ ಹಿಂದೆ ಆಳೆತ್ತರದ ಕನ್ನಡಿ. ಕನ್ನಡಿ ಅಲಂಕಾರಕ್ಕಲ್ಲ. ಕಾಡಿನಿಂದ ಬಂದ ಕೂಡಲೇ ಮೈಯನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿಕೊಂಡು, ರಕ್ತ ಹೀರುವ ಉಣ್ಣೆ ಹತ್ತಿದ್ದರೆ ಕಿತ್ತುಹಾಕಬೇಕು.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇದ್ದಿದ್ದರೂ ನಿಮಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲವಲ್ಲ. ವಾರಕ್ಕೊಮ್ಮೆ ಜೀಪು ಐಸ್ ಪೆಟ್ಟಿಗೆ ಹೊತ್ತು ಪಟ್ಟಣದ ಪ್ರಯೋಗಾಲಯಕ್ಕೆ ಹೋಗುತ್ತದೆ. ನಾವು ಹಿಡಿದ ಉಣ್ಣೆಗಳ ಜೊತೆ ನಮ್ಮ ಪತ್ರಗಳೂ ಹೋಗುತ್ತವೆ. ಹೆದರಬೇಡಿ, ಚೀಲ ಬೇರೆ ಬೇರೆ.

ನಾನು ಹೊರಡುವ ಗಡಿಬಿಡಿಯಲ್ಲಿ ನೀವು ಕೇಳಿದಿರಿ, "ಅಷ್ಟು ದಿನ ಅಲ್ಲಿ ನಿಜವಾಗಿ ಮಾಡೋದೇನು?" ಅಂತ. ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ, ಹೇಳಲಾಗಲಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೋಲಿಗೆ ಬಿಳಿ ಬಟ್ಟೆ ಕಟ್ಟಿ, ತರಗೆಲೆಯ ಮೇಲೆ ಎಳೆದುಕೊಂಡು ನಡೆಯುತ್ತೇವೆ. ಮಳೆ ನಿಂತು ನೆಲ ಒಣಗುವ ಈ ಕಾಲದಲ್ಲಿ ಮರಿ ಉಣ್ಣೆಗಳು ಎಲೆಯಡಿಯಿಂದ ಮೇಲೆ ಬಂದು, ಯಾವುದಾದರೂ ಪ್ರಾಣಿ ಹಾದುಹೋಗಲಿ ಎಂದು ಕಾಲು ಚಾಚಿ ಕಾಯುತ್ತವೆ. ಬಟ್ಟೆಯನ್ನೇ ಪ್ರಾಣಿ ಎಂದುಕೊಂಡು ಹತ್ತುತ್ತವೆ. ಎಳ್ಳಿನ ಚೂರಿನಷ್ಟಿರುತ್ತವೆ, ಅಷ್ಟೇ. ಚಿಮುಟದಿಂದ ಎತ್ತಿ ಸೀಸೆಗೆ ಹಾಕುತ್ತೇವೆ. ದಟ್ಟ ಕಾಡಿನಲ್ಲಿ ಎಷ್ಟು, ಮರ ಕಡಿದು ಪೊದೆ ಬೆಳೆದ ಅಂಚಿನಲ್ಲಿ ಎಷ್ಟು, ಅವು ಕಚ್ಚಿದರೆ ಬರುವ ಜ್ವರದ ವೈರಸ್ಸು ಎಷ್ಟರ ಮೈಯಲ್ಲಿದೆ ಎಂದು ಗೊತ್ತಾದರೆ, ಎಲ್ಲಿ ಕಾಲಿಡಬಾರದು ಎಂದಾದರೂ ಊರಿನವರಿಗೆ ಹೇಳಬಹುದು. ಆ ಜ್ವರಕ್ಕೆಂದೇ ಮದ್ದಿಲ್ಲ. ಅದಕ್ಕೇ ಈ ಎಳೆದಾಟ.

ಈ ವರ್ಷ ತಂಡಕ್ಕೆ ಒಬ್ಬ ಪಶುವೈದ್ಯರು ಬಂದಿದ್ದಾರೆ. ಕಾಡಿಲಿಗಳನ್ನು ಬೋನಿನಲ್ಲಿ ಹಿಡಿದು, ರಕ್ತದ ಹನಿ ತೆಗೆದು, ಮತ್ತೆ ಬಿಡುವುದು ಅವರ ಕೆಲಸ. ಸೂಜಿ ಚುಚ್ಚುವ ಮುಂಚೆ ಪ್ರತಿ ಇಲಿಗೂ "ಕ್ಷಮಿಸಪ್ಪ, ಒಂದೇ ಹನಿ" ಎನ್ನುತ್ತಾರೆ. ಪುಟ್ಟಿಗೆ ಹೇಳಿ, ನಗುತ್ತಾಳೆ.

ಅವಳು ನಿದ್ದೆಯಲ್ಲಿ ಪಕ್ಕ ತಡಕಿದರೆ ನನ್ನ ಹಳೆಯ ಶಾಲು ಕೊಡಿ. ಕಪಾಟಿನ ಕೆಳಗಿನ ಅರೆಯಲ್ಲಿದೆ.

ನಿಮ್ಮ ಸೊಸೆ


ಮನೆ
ಜನವರಿ 15

ಸೊಸೆಗೆ ಆಶೀರ್ವಾದ.

ಪತ್ರ ಬಂತು. ಕೆಲಸದಲ್ಲಿದ್ದಷ್ಟು ಕಾಲ ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕೂತು, ಯಾವ ರೈಲು ಎಲ್ಲಿಗೆ ಬರುತ್ತದೆ ಎಂದು ಹೇಳಿದವಳು ನಾನು. ವಿಷಯ ಹೇಳಿ ಸುಮ್ಮನಾಗುವುದೇ ಅಭ್ಯಾಸ. ಆದ್ದರಿಂದ ವಿಷಯ.

ಪುಟ್ಟಿ ಚೆನ್ನಾಗಿದ್ದಾಳೆ. ಮೊದಮೊದಲು ಸಪ್ಪಗಿದ್ದಳು, ಈಗ ಸರಿಹೋಗಿದ್ದಾಳೆ. ಶಾಲು ಕೊಟ್ಟಿದ್ದೇನೆ. ಅದನ್ನು ಹೊದೆಯುವುದಿಲ್ಲ, ಗೊಂಬೆಗೆ ಹೊದಿಸುತ್ತಾಳೆ.

ಶಾಲೆಯಲ್ಲಿ ಟೀಚರು, ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ಎಲ್ಲ ಮಕ್ಕಳನ್ನೂ ಕೇಳಿದರಂತೆ. ಇವಳು ಎದ್ದು ನಿಂತು, "ಅಪ್ಪ ತೀರಿಕೊಂಡಿದಾರೆ, ಅಮ್ಮ ಕಾಡಲ್ಲಿ ಉಣ್ಣೆ ಆರಿಸ್ತಾಳೆ" ಅಂದಳು. ಟೀಚರು ಸಂಜೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ನಿಮ್ಮ ಸೊಸೆ ಕುರಿ ಸಾಕಿದಾರಾ? ಒಳ್ಳೆ ಉಣ್ಣೆ ಇದ್ರೆ ನನಗೂ ಒಂದು ಸ್ವೆಟರಿಗೆ ಬೇಕಿತ್ತು" ಅಂದರು. "ಕೊಡಬಹುದು, ಆದರೆ ಕಚ್ಚುತ್ತೆ" ಅಂದೆ. ಆಕೆ ಇನ್ನೂ ಯೋಚನೆ ಮಾಡುತ್ತಿರಬೇಕು.

ನನ್ನ ಕಿವಿಗೆ ಏನೂ ಆಗಿಲ್ಲ. ಈಗಿನವರು ಬಾಯಿ ಬಿಟ್ಟು ಮಾತಾಡುವುದಿಲ್ಲ, ಅಷ್ಟೇ.

ಇನ್ನೊಂದು ಮಾತು. ನನ್ನ ಮಗ ಹೋಗಿ ನಾಲ್ಕು ವರ್ಷವಾಯಿತು. ನಾವಿಬ್ಬರೂ ಈ ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಎದುರಾದರೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ಸರಿದುಹೋಗುತ್ತೇವೆ. ಆ ನಾಲ್ಕು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಈ ಒಂದು ಪತ್ರದಲ್ಲಿದೆ. ಹೀಗೇ ಬರೆ.

ಅತ್ತೆ

ಅಮ್ಮ ನಾನು ಈಗ ಗೆರೆ ಮೇಲೇ ಬರೀತೀನಿ ಕೆಳಗೆ ಬೀಳಲ್ಲ. ಡಾಕ್ಟ್ರು ಮಾಮಂಗೆ ಇಲಿ ಚಿತ್ರ ಕಳಿಸು ಅಂತ ಹೇಳು. ಪುಟ್ಟಿ. ಇದು ನಾನೇ ಬರೆದಿದ್ದು.


ಕಾಡಿನ ಶಿಬಿರ
ಜನವರಿ 27

ಅತ್ತೆ,

ಟೀಚರ ಸ್ವೆಟರಿನ ಕಥೆಯನ್ನು ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದೆ. ಡಾಕ್ಟರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಪುಟ್ಟಿಗೆ ಇಲಿ ಚಿತ್ರ ಅವರೇ ಬರೆದು ಕೊಟ್ಟಿದ್ದಾರೆ, ಇದರ ಜೊತೆ ಇದೆ. ಇಲಿಗೆ ಕನ್ನಡಕ ಯಾಕೆ ಎಂದು ಕೇಳಿದರೆ, "ಅದು ನಮ್ಮ ಹಿರಿಯ ಇಲಿ, ಅದಕ್ಕೆ ಓದೋ ಚಾಳಿ" ಅಂದರು. ಅವರು ಕಾಡಿಗೆ ಹಾಕುವ ಪ್ಯಾಂಟಿಗೂ ಇಸ್ತ್ರಿ ಮಾಡುತ್ತಾರೆ. ಆಮೇಲೆ ಆ ಗೆರೆ ಹಿಡಿದ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮೇಲೆ ಉಣ್ಣೆ ಹತ್ತದಿರಲು ಎಣ್ಣೆ ಬಳಿದುಕೊಳ್ಳುತ್ತಾರೆ. ನಮಗೆಲ್ಲ ಅದೊಂದು ತಮಾಷೆ.

ಕೆಲಸ ಒಂದು ಹದಕ್ಕೆ ಬಂದಿದೆ. ಇಲ್ಲಿಯ ಊರಿನ ದನಗಳು ದಿನಾ ಕಾಡಿನ ಅಂಚಿನ ದಾರಿಯಲ್ಲಿ ಮೇಯಲು ಹೋಗುತ್ತವೆ. ಅಲ್ಲಿ ಹಿಂದೆ ಮರ ಕಡಿದಿದ್ದರು, ಈಗ ಪೊದೆ ಎದ್ದಿದೆ. ಪೊದೆಯಲ್ಲಿ ಇಲಿ, ಇಲಿಯ ಮೈಮೇಲೆ ಉಣ್ಣೆ. ಅಲ್ಲಿ ಬಟ್ಟೆ ಎಳೆದರೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪಾಗುತ್ತದೆ. ಒಳಗಿನ ದಟ್ಟ ಕಾಡಿನಲ್ಲಿ ಅದೇ ಬಟ್ಟೆ ಬಹುತೇಕ ಬೆಳ್ಳಗೇ ಉಳಿಯುತ್ತದೆ. ಕಾಡು ಅಂದರೆ ಜ್ವರ ಎಂದು ಜನ ಹೆದರುತ್ತಾರೆ, ನಿಜವಾಗಿ ಹೆದರಬೇಕಾದ್ದು ಕಾಡು ಹರಿದುಹೋದ ಜಾಗಕ್ಕೆ.

ಗುಡ್ಡದ ನೆತ್ತಿಯ ಮೇಲೆ ಇನ್ನೊಂದು ದಾರಿಯಿದೆ. ಬರೀ ಕಲ್ಲು, ತರಗೆಲೆಯೇ ಇಲ್ಲ. ದನಗಳನ್ನು ಅಲ್ಲಿಂದ ಹೊಡೆದುಕೊಂಡು ಹೋದರೆ ಹೇಗೆ ಎಂದು ಡಾಕ್ಟರಿಗೆ ಹೊಳೆಯಿತು. ಊರಿನಲ್ಲಿ ಹೇಳಿದೆವು. ದನ ಕಾಯುವ ಹೆಂಗಸೊಬ್ಬಳು, "ಅಷ್ಟು ಸುತ್ತು ಯಾರು ನಡೀತಾರೆ?" ಎಂದಳು. "ದನ ನಡೀತವೆ, ನೀವು ಜೊತೆಗೆ ಹೋದ್ರೆ ಸಾಕು" ಅಂದರು ಡಾಕ್ಟರು. ಅವಳು ನಗಲಿಲ್ಲ. ಸುಮ್ಮನೆ ನಮ್ಮ ಮಾತು ನಂಬಿ ಯಾರೂ ದಾರಿ ಬದಲಿಸುವುದಿಲ್ಲ, ಬದಲಿಸಲೂಬಾರದು. ಮರಿ ಉಣ್ಣೆಯ ಕಾಲ ಮುಗಿಯುವವರೆಗೆ ಎರಡೂ ದಾರಿಗಳಲ್ಲಿ ಬಟ್ಟೆ ಎಳೆದು, ಎರಡು ಬಟ್ಟೆಗಳನ್ನೂ ಅವರ ಮುಂದೆ ಹಾಸಬೇಕು. ಒಂದು ವಾರ ತಪ್ಪಿದರೂ ಇಡೀ ವರ್ಷ ತಪ್ಪಿದಂತೆ.

ಊರಿನಲ್ಲಿ ಒಬ್ಬಿಬ್ಬರಿಗೆ ಜ್ವರವಂತೆ. ಸಾಮಾನ್ಯ ಜ್ವರವಿರಬಹುದು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸೊಸೆ


ಮನೆ
ಫೆಬ್ರವರಿ 5

ಸೊಸೆಗೆ,

ಇಲ್ಲಿ ಎಲ್ಲ ಸರಿಯಾಗಿದೆ. ಪುಟ್ಟಿಗೆ ಮುಂದೆ ಗುಂಡಿ ಇರುವ, ತೋಳಿಲ್ಲದ ಅಂಗಿ ಎರಡು ಹೊಲಿಸಿದೆ. ಸೆಕೆ ಶುರುವಾಗಿದೆ. ಶಾಲೆಗೆ ಸ್ವಲ್ಪ ದಿನ ಕಳಿಸಲಿಲ್ಲ, ಅಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದಾರೆ.

ನಿನ್ನ ಪತ್ರ ಎರಡು ಸಲ ಓದಿದೆ. ಡಾಕ್ಟರು ಅಂದರು, ಡಾಕ್ಟರು ನಕ್ಕರು, ಡಾಕ್ಟರು ಇಸ್ತ್ರಿ ಹಾಕಿದರು. ಆ ಕಾಡಿನಲ್ಲಿ ಮರಗಳೂ ಇವೆಯೇ?

ಅತ್ತೆ

ಪುಟ್ಟಿ ಹೇಳಿ ಬರೆಸಿದ್ದು: ಅಮ್ಮ, ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರು. ಚಿತ್ರ ತಲುಪಿತು.


ಪಟ್ಟಣ
ಫೆಬ್ರವರಿ 17

ಅತ್ತೆ,

ಕೆಲಸದ ಮೇಲೆ ಪಟ್ಟಣಕ್ಕೆ ಬಂದಿದ್ದೇನೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಬೇಸರಿಸಬೇಡಿ.

ಕಾಡಿನಲ್ಲಿ ಮರಗಳಿವೆ. ಎಲೆ ಉದುರುತ್ತಿದೆ.

ಪುಟ್ಟಿ ನನ್ನ ಮೇಲೆ ಮುನಿಸಿಕೊಂಡಿದ್ದಾಳೆಯೇ? "ನೀನೂ ಚೆನ್ನಾಗಿರು" ಎನ್ನುವುದು ಅವಳ ಮಾತಲ್ಲ. ಗೆರೆಯ ಮೇಲೆ ಬರೆಯಲು ಕಲಿತವಳು ಒಂದು ಸಾಲನ್ನೂ ತಾನೇ ಬರೆಯಲಿಲ್ಲವೆಂದರೆ, ಬರೆಯಲು ಮನಸ್ಸಿರಲಿಲ್ಲ ಎಂದೇ ಅಲ್ಲವೇ. ಪ್ರತಿ ವರ್ಷ ಹೀಗೆ ಬಿಟ್ಟು ಬರುವುದನ್ನು ಅವಳು ಎಷ್ಟು ದಿನ ಸಹಿಸಬೇಕು. ಬಲವಂತ ಮಾಡಬೇಡಿ. ಅವಳಿಗೆ ಬೇಕೆನಿಸಿದಾಗ ಬರೆಯಲಿ.

ನನಗೆ ಹೆಚ್ಚು ಬರೆಯಲು ಹೊತ್ತಿಲ್ಲ.

ಸೊಸೆ


ಮನೆ
ಫೆಬ್ರವರಿ 25

ಸೊಸೆಗೆ,

ಇದನ್ನು ಬರೆಯಲು ಕೂತು, ಎದ್ದು, ಮತ್ತೆ ಕೂತಿದ್ದೇನೆ. ಮೈಕಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಹಿಂದಿನ ಪತ್ರದಲ್ಲಿ ನಾನು ಆಡಿದ ಮಾತು ನಿನಗೆ ಚುಚ್ಚಿರಬೇಕು. ಅದಕ್ಕೇ ಈ ಸಲ ಡಾಕ್ಟರ ಸುದ್ದಿಯೇ ಇಲ್ಲ. ಮೊದಲು ಸಾಲು ಸಾಲಿಗೂ ಇದ್ದ ಮನುಷ್ಯ, ಈಗ ಹೆಸರಿಗೂ ಇಲ್ಲ. ನಾನು ಹಾಸ್ಯಕ್ಕೆ ಬರೆದೆ. ಪೂರ್ತಿ ಹಾಸ್ಯಕ್ಕೆ ಎಂದರೆ ಸುಳ್ಳಾಗುತ್ತದೆ. ಓದುವಾಗ ಎದೆಯಲ್ಲಿ ಏನೋ ಹಿಡಿದುಕೊಂಡಿತು, ಅದನ್ನು ಹಾಸ್ಯದಲ್ಲಿ ಸುತ್ತಿ ಕಳಿಸಿದೆ.

ಹೇಳದೆ ಇದ್ದದ್ದನ್ನು ಓದಲು ನನಗೆ ಬರುತ್ತದೆ. ನೀನು ಆತನ ಸುದ್ದಿ ಬಿಟ್ಟದ್ದು ಸುದ್ದಿಯಿಲ್ಲದ್ದಕ್ಕಲ್ಲ, ನನಗೆ ನೋವಾದೀತು ಎಂದು. ಹಾಗಿದ್ದರೆ ಕೇಳು. ನಿನಗೆ ಮೂವತ್ತನಾಲ್ಕು ವರ್ಷ. ನನ್ನ ಮಗನ ಫೋಟೋದ ಕೆಳಗೆ ನನ್ನ ಜೊತೆ ಕೂತು ಮುದುಕಿಯಾಗು ಎಂದು ನಾನು ಯಾವತ್ತೂ ಹೇಳಿಲ್ಲ. ಬೇಡ ಎಂದೂ ಹೇಳಿಲ್ಲ, ಅದು ನನ್ನ ತಪ್ಪು. ಈಗ ಹೇಳುತ್ತಿದ್ದೇನೆ. ಆತ ಒಳ್ಳೆಯವನಾಗಿದ್ದರೆ ಮದುವೆಯಾಗು. ಇಲಿಗೆ ಕ್ಷಮೆ ಕೇಳುವವನು ಹೆಂಡತಿಯ ಹತ್ತಿರವೂ ಕೇಳಿಯಾನು.

ಪುಟ್ಟಿ ನಿನ್ನ ಜೊತೆ ಇರಬೇಕಾದವಳು, ಇರಲಿ. ರಜೆಯಲ್ಲಿ ಒಂದಿಷ್ಟು ದಿನ ನನ್ನ ಹತ್ತಿರ ಕಳಿಸಿದರೆ ಸಾಕು. ನಾನು ಎಲ್ಲಿರುತ್ತೇನೆ ಎಂಬ ಚಿಂತೆ ನಿನಗೆ ಬೇಡ. ಸ್ಟೇಷನ್ನಿನ ಹತ್ತಿರ ನನ್ನ ಹಳೆಯ ಗೆಳತಿಯ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿದೆ. ಗಾಳಿ ಬೆಳಕು ಚೆನ್ನಾಗಿದೆ.

ಪುಟ್ಟಿ ಮುನಿಸಿಕೊಂಡಿಲ್ಲ. ಅದನ್ನು ಮಾತ್ರ ನಂಬು.

ಅತ್ತೆ


ಮನೆ
ಮಾರ್ಚ್ 1

ಅಮ್ಮ

ಇದು ಎಡಗೈ ಅಕ್ಷರ ನಗಬೇಡ. ಬಲಗೈಗೆ ಬಿಳಿ ಕಟ್ಟು ಹಾಕಿದಾರೆ. ಮೆಟ್ಲಿಂದ ಬಿದ್ದೆ ಮೂಳೆ ಮುರೀತು. ಈಗ ನೋವಿಲ್ಲ ತುರಿಕೆ ಬರತ್ತೆ. ಅಜ್ಜಿ ಪೆನ್ಸಿಲ್ ಹಾಕಿ ಕೆರೀತಾಳೆ. ನಿಂಗೆ ಹೇಳಬಾರದು ಅಂದಿದಾಳೆ ನೀನು ಕೆಲಸ ಬಿಟ್ಟು ಬಂದುಬಿಡ್ತೀಯ ಅಂತೆ. ಅಜ್ಜಿ ಬೇರೆ ಮನೆ ನೋಡಿ ಬಂದಳು ನಂಗೆ ಆ ಮನೆ ಇಷ್ಟ ಇಲ್ಲ ಒಂದೇ ಮಂಚ ಇದೆ. ಅಜ್ಜಿ ಅಳಲಿಲ್ಲ ಆದರೆ ಮೂಗು ಕೆಂಪಗಿತ್ತು. ಈ ಕಾಗದ ಕೆಳಗಿನ ಮನೆ ಆಂಟಿ ಡಬ್ಬಿಗೆ ಹಾಕ್ತಾರೆ. ಅಜ್ಜಿಗೆ ಹೇಳಬೇಡ.

ಪುಟ್ಟಿ


ಪಟ್ಟಣದ ಆಸ್ಪತ್ರೆ
ಮಾರ್ಚ್ 9

ಅತ್ತೆ,

ನಿಮ್ಮ ಪತ್ರವೂ ಪುಟ್ಟಿಯ ಪತ್ರವೂ ಒಟ್ಟಿಗೇ ಶಿಬಿರಕ್ಕೆ ಬಂದು, ಜೀಪಿನ ಚಾಲಕನ ಕೈಯಲ್ಲಿ ಇಲ್ಲಿಗೆ ತಲುಪಿದವು. ಅವಳನ್ನು ಬೈಯಬೇಡಿ. ಕೈ ಮುರಿದದ್ದು ನನಗೆ ಗೊತ್ತಾಯಿತು. ಮುನಿಸು ಎಂದುಕೊಂಡು ಇಷ್ಟು ದಿನ ನನ್ನನ್ನು ನಾನೇ ತಿಂದುಕೊಂಡೆ. ಓದಿದ ಕೂಡಲೇ ನಿಮ್ಮ ಮೇಲೆ ಬಂದ ಸಿಟ್ಟನ್ನು ಹೇಗೆ ಬರೆಯಲಿ. ಮಗುವಿನ ತಾಯಿಗೆ ಹೇಳಲು ಇವರು ಯಾರ ಅಪ್ಪಣೆಗೆ ಕಾದಿದ್ದರು ಅಂದುಕೊಂಡೆ. ಆಮೇಲೆ ನಾನು ಕೂತ ಜಾಗ ನೋಡಿಕೊಂಡೆ. ನಾನೂ ಇಲ್ಲಿ ಕೂತು ಅದನ್ನೇ ಮಾಡುತ್ತಿದ್ದೆ.

ಡಾಕ್ಟರಿಗೆ ಜ್ವರ. ಉಣ್ಣೆಯ ಜ್ವರವೇ. ಫೆಬ್ರವರಿಯ ಮೊದಲ ವಾರದಲ್ಲಿ ಮಲಗಿದರು. ತಲೆನೋವಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅಷ್ಟೆಲ್ಲ ಎಚ್ಚರ ವಹಿಸಿದವರಿಗೆ ಎಲ್ಲಿ ಯಾವಾಗ ಕಚ್ಚಿತೋ ಗೊತ್ತಿಲ್ಲ, ಒಂದು ಮರಿ ಸಾಕು. ಹಿಂದಿನ ಪತ್ರ ಬರೆದದ್ದು ಅವರ ವಾರ್ಡಿನ ಹೊರಗಿನ ಬೆಂಚಿನಿಂದ. ನಿಮಗೆ ಹೇಳಿದರೆ, ನಾನೂ ಅದೇ ಕಾಡಿನಲ್ಲಿ ನಡೆಯುತ್ತೇನೆ ಎಂದು ನಿಮ್ಮ ನಿದ್ದೆ ಹೋಗುತ್ತದೆ ಎಂದು ಬಿಟ್ಟೆ. ಚುಚ್ಚಿದ ಮಾತಿಗೆ ಅಲ್ಲ.

ಜ್ವರ ಬಿಟ್ಟಿತು. ಎದ್ದು ಕೂತು, ಎರಡನೇ ದಾರಿಯಲ್ಲಿ ಬಟ್ಟೆ ಎಳೆದಾಯಿತೇ ಎಂದು ಕೇಳಿದರು. ಗೆದ್ದೆವು ಎಂದುಕೊಂಡೆವು. ಈ ಜ್ವರ ಕೆಲವರಿಗೆ ಹೀಗೆ ಬಿಟ್ಟಂತೆ ಮಾಡಿ ಮತ್ತೆ ಬರುತ್ತದೆ. ಎರಡನೆಯ ಸಲ ತಲೆಗೆ ಏರಿತು. ಕುತ್ತಿಗೆ ಬಿಗಿದು, ಕೈ ನಡುಗಿ, ಮಾತು ತಪ್ಪಿ, ಒಂದು ದಿನ ತಮ್ಮ ಅಕ್ಕನ ಹೆಸರೇ ನೆನಪಾಗದೆ ಅತ್ತರು. ಅವರಿಗಿರುವುದು ಆ ಅಕ್ಕ ಒಬ್ಬರೇ. ಅವರು ದೂರದಲ್ಲಿ ಮೊಣಕಾಲಿನ ಆಪರೇಷನ್ ಆಗಿ ಮಂಚ ಹಿಡಿದಿದ್ದಾರೆ. ಎರಡೂ ದಾರಿಯ ಲೆಕ್ಕ ಗೊತ್ತಿರುವವರು ನಾವಿಬ್ಬರೇ, ನಾನೂ ಇಲ್ಲಿದ್ದೇನೆ, ಶಿಬಿರದಲ್ಲಿ ಕೆಲಸ ನಿಂತಿದೆ. ಬಟ್ಟೆ ಕಟ್ಟಿದ ಕೋಲುಗಳು ಗೋಡೆಗೆ ಒರಗಿವೆ. ಮರಿ ಉಣ್ಣೆಯ ಕಾಲ ಇನ್ನೇನು ಮುಗಿಯುತ್ತದೆ.

ಈಗ ನೀವು ಕೇಳಿದ್ದಕ್ಕೆ. ನಮ್ಮಿಬ್ಬರ ನಡುವೆ ಅಂಥ ಮಾತೇ ಬಂದಿಲ್ಲ. ಮನುಷ್ಯ ಒಳಗೆ ಹಾಗೆ ಮಲಗಿದ್ದಾರೆ, ಇವರು ಅಲ್ಲಿ ಮದುವೆ ಮಾಡಿಸುತ್ತಿದ್ದಾರೆ ಎಂದು ಮೊದಲು ನಗು ಬಂತು, ಕೆಟ್ಟ ನಗು. ಆಮೇಲೆ ಮತ್ತೆ ಓದಿದೆ. ಅವರು ಸಾಲು ಸಾಲಿಗೂ ಇದ್ದರು ಎಂದು ಬರೆದಿದ್ದೀರಿ. ನನಗೆ ಅದು ಗೊತ್ತಿರಲಿಲ್ಲ. ಇಲ್ಲ ಎಂದು ಬರೆಯಲು ಪೆನ್ನು ತೆಗೆದರೆ ಕೈ ಮುಂದೆ ಹೋಗುತ್ತಿಲ್ಲ. ಹೌದು ಎನ್ನಲು ಇದು ಹೊತ್ತಲ್ಲ. ಇಷ್ಟೇ ಹೇಳಬಲ್ಲೆ: ಅವರ ಕೈ ನಡುಗುವುದನ್ನು ನೋಡಲು ನನಗೆ ಆಗುತ್ತಿಲ್ಲ.

ಆ ಕೋಣೆ ಬೇಡ ಎಂದು ಹೇಳಿ ಬನ್ನಿ. ನಾನು ಆ ಮನೆಗೆ ಬಂದದ್ದು ನಿಮ್ಮ ಮಗನಿಂದ, ನಿಜ. ಅವರು ಹೋದ ಮೇಲೂ ಅಲ್ಲೇ ಉಳಿದದ್ದು ನಿಮ್ಮಿಂದ. ಅದನ್ನು ಅಡುಗೆಮನೆ ಬಾಗಿಲಲ್ಲಿ ಹೇಳಲು ಬರಲಿಲ್ಲ.

ನಿಮ್ಮ ಸೊಸೆ


ಮನೆ
ಮಾರ್ಚ್ 13

ಮಗಳೇ,

ಹೊರಡುವ ಮೊದಲು ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಪತ್ರಕ್ಕಿಂತ ನಾನೇ ಮುಂಚೆ ತಲುಪಿದರೂ ತಲುಪಬಹುದು. ಆದರೂ ಎದುರಿಗೆ ನಿಂತರೆ ಈ ಮಾತು ಬಾಯಿಗೆ ಬರುವುದಿಲ್ಲ.

ಪುಟ್ಟಿ ಬಿದ್ದದ್ದು ಹಿತ್ತಲ ಮೆಟ್ಟಿಲಿನಿಂದ. ಬಿದ್ದು ಕೂಗಿದ್ದಾಳೆ. ನಾನು ಒಳಗೇ ಇದ್ದೆ, ನನಗೆ ಕೇಳಿಸಲಿಲ್ಲ. ಕೆಳಗಿನ ಮನೆಯವಳು ಎತ್ತಿಕೊಂಡು ಬಂದು, "ಎಷ್ಟು ಹೊತ್ತಿಂದ ಕೂಗ್ತಿದೆ ಮಗು, ಎಲ್ಲಿದ್ರಿ?" ಅಂದಳು. ನೀನು ಕೆಲಸ ಬಿಟ್ಟು ಬಂದುಬಿಡುತ್ತೀಯ, ಅದಕ್ಕೇ ನಿನಗೆ ತಿಳಿಸುವುದು ಬೇಡ ಎಂದು ಪುಟ್ಟಿಗೆ ಹೇಳಿದ್ದೆ. ನಿಜವಾದ ಹೆದರಿಕೆ ಬೇರೆ. ಕಿವಿ ಕೇಳದವಳ ಹತ್ತಿರ ಯಾರು ಮಗು ಬಿಡುತ್ತಾರೆ. ನೀನು ಕರೆದುಕೊಂಡು ಹೋಗುವ ಮೊದಲು ನಾನೇ ಕೊಟ್ಟುಬಿಟ್ಟರೆ ಮರ್ಯಾದೆ ಉಳಿಯುತ್ತದೆ ಎಂದುಕೊಂಡೆ. ಆ ದೊಡ್ಡ ಮನಸ್ಸಿನ ಪತ್ರದಲ್ಲಿ ಇದೂ ಇತ್ತು.

ಹೋದ ವಾರ ಕಿವಿಗೆ ಯಂತ್ರ ಹಾಕಿಸಿದೆ. ನಮ್ಮ ಫ್ರಿಜ್ಜು ಇಷ್ಟು ಗೊಣಗುತ್ತದೆ ಎಂದು ಗೊತ್ತೇ ಇರಲಿಲ್ಲ. ಪುಟ್ಟಿ ಬೇರೆ ಕೋಣೆಯಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ, ಅದು ಅವಳಿಗೆ ಹಿಡಿಸಿಲ್ಲ.

ಕೋಣೆ ಬೇಡ ಎಂದು ಗೆಳತಿಗೆ ಹೇಳಿ ಬಂದೆ.

ಈಗ ಕೆಲಸದ ಮಾತು. ಈ ಜ್ವರ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ ಎಂದು ನಮ್ಮ ವೈದ್ಯರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡೆ. ಪುಟ್ಟಿಯ ಶಾಲೆಗೆ ಟೀಚರ ಹತ್ತಿರ ಕೇಳಿ ರಜೆ ಪಡೆದೆ. ಬರೆಯಲಾಗದ ಮಗು ಅಲ್ಲಿ ಕೂತು ಮಾಡುವುದೂ ಏನು. ನಾವಿಬ್ಬರೂ ಬರುತ್ತೇವೆ. ಆಸ್ಪತ್ರೆಯ ಹತ್ತಿರ ಉಳಿಯಲು ಒಂದು ಜಾಗ ನೋಡಿಡು. ಆತನ ಪಕ್ಕದಲ್ಲಿ ಕೂರುವುದಕ್ಕೆ, ನೀರು ಕುಡಿಸುವುದಕ್ಕೆ ಪದವಿ ಬೇಕಾಗಿಲ್ಲ, ನಾನು ಮಾಡುತ್ತೇನೆ. ಬಟ್ಟೆ ಎಳೆಯುವುದು ನನಗೆ ಬರುವುದಿಲ್ಲ, ಅದನ್ನು ನೀನು ಹೋಗಿ ಮಾಡು. ಆತ ಎದ್ದ ದಿನ ಎರಡನೇ ದಾರಿ ಏನಾಯಿತು ಎಂದು ಮತ್ತೆ ಕೇಳುತ್ತಾನೆ. ಆಗ ಏನು ಹೇಳುತ್ತೀಯ?

ಅತ್ತೆ


ಕಾಡಿನ ಶಿಬಿರ
ಮಾರ್ಚ್ 30

ಅತ್ತೆ,

ನಿಮ್ಮಿಬ್ಬರನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಜೀಪು ಹತ್ತಿದಾಗ ಏನೋ ಕದ್ದು ಓಡುತ್ತಿದ್ದೇನೆ ಅನಿಸಿತ್ತು. ಇಲ್ಲಿಗೆ ಬಂದು ಕೋಲು ಹಿಡಿದ ಮೇಲೆ ಉಸಿರು ಸರಿಯಾಯಿತು.

ಕೆಲಸ ಮುಗಿಯಿತು. ತಪ್ಪಿದ ವಾರಗಳನ್ನು ಪೂರ್ತಿ ತುಂಬಲಾಗಲಿಲ್ಲ, ವರದಿಯಲ್ಲಿ ಅದನ್ನು ಹಾಗೆಯೇ ಬರೆಯುತ್ತೇನೆ. ಆದರೆ ಉಳಿದಷ್ಟರಿಂದಲೇ ವಿಷಯ ಕಣ್ಣಿಗೆ ಹೊಡೆಯುವಂತಿದೆ. ಅಂಚಿನ ದಾರಿಯ ಉಣ್ಣೆಗಳಲ್ಲಿ ವೈರಸ್ ಇದೆ ಎಂದು ಪ್ರಯೋಗಾಲಯ ತಿಳಿಸಿದೆ. ಗುಡ್ಡದ ದಾರಿಯಲ್ಲಿ ಪರೀಕ್ಷೆಗೆ ಕಳಿಸುವಷ್ಟು ಉಣ್ಣೆಯೇ ಸಿಗಲಿಲ್ಲ.

ಮೊನ್ನೆ ಊರಿನವರನ್ನು ಸೇರಿಸಿ, ಅವರ ಎದುರಿಗೇ ಎರಡೂ ದಾರಿಯಲ್ಲಿ ಬಟ್ಟೆ ಎಳೆದು ತಂದು, ಅಂಗಳದಲ್ಲಿ ಪಕ್ಕಪಕ್ಕ ಹಾಸಿದೆ. ನಾನು ಭಾಷಣ ಸಿದ್ಧ ಮಾಡಿಕೊಂಡಿದ್ದೆ, ಬೇಕಾಗಲಿಲ್ಲ. ಜನ ಬಗ್ಗಿ ನೋಡಿದರು. ಆ ದನ ಕಾಯುವ ಹೆಂಗಸು, "ಆ ಡಾಕ್ಟ್ರು ಹೇಗಿದಾರೆ?" ಎಂದು ಕೇಳಿದಳು. ಆಸ್ಪತ್ರೆಯಲ್ಲಿದ್ದಾರೆ ಅಂದೆ. "ನಮ್ಮ ಮೈದುನನೂ ಮಲಗಿದ್ದ. ಅವನು ಏಳಲಿಲ್ಲ" ಎಂದಳು. ಜನವರಿಯಲ್ಲಿ ನಾನು ಸಾಮಾನ್ಯ ಜ್ವರ ಎಂದು ನಿಮಗೆ ಬರೆದದ್ದು ಅವನದ್ದೇ. ಇವತ್ತು ಬೆಳಿಗ್ಗೆ ಅವಳು ತನ್ನ ದನಗಳನ್ನು ಗುಡ್ಡದ ದಾರಿಗೆ ಹೊಡೆದಳು. ಹಿಂದೆ ಇನ್ನೊಂದು ಮನೆಯವು ಹೋದವು. ಮಿಕ್ಕವರು ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಹಾಕಲಿ, ಸುತ್ತು ನಡೆಯಬೇಕಾದವರು ಅವರು.

ಡಾಕ್ಟರ ಬಗ್ಗೆ ನೀವು ಚಾಲಕನ ಕೈಯಲ್ಲಿ ಹೇಳಿ ಕಳಿಸಿದ್ದು "ಪರವಾಗಿಲ್ಲ" ಎಂದು ಮಾತ್ರ. ಪರವಾಗಿಲ್ಲ ಎಂದರೆ ಏನು? ನೀವು ಹಾಗೆ ಚಿಕ್ಕದಾಗಿ ಹೇಳಿದರೆ ನನಗೆ ಭಯವಾಗುತ್ತದೆ. ಪೂರ್ತಿ ಬರೆಯಿರಿ.

ಮಗಳು


ಪಟ್ಟಣದ ಆಸ್ಪತ್ರೆ
ಏಪ್ರಿಲ್ 3

ಮಗಳೇ,

ಪೂರ್ತಿ ಬರೆಯುತ್ತೇನೆ.

ಮೊದಲು ಆತ ನನ್ನನ್ನು ಆಸ್ಪತ್ರೆಯ ಆಳು ಎಂದುಕೊಂಡಿದ್ದ. "ಅಮ್ಮ, ಕಿಟಕಿ ಹಾಕಿ", "ಅಮ್ಮ, ಕಿಟಕಿ ತೆಗೀರಿ", ಇಷ್ಟೇ ಮಾತು. ಜ್ವರ ಇಳಿಯಿತು, ಕುತ್ತಿಗೆ ಸಡಿಲವಾಯಿತು. ಕೈ ಇನ್ನೂ ನಡುಗುತ್ತದೆ, ಲೋಟ ಅರ್ಧ ತುಂಬಿಸಿ ಕೊಡುತ್ತೇನೆ. ನಡುಕ ಹೋಗಲು ತಿಂಗಳುಗಳೇ ಬೇಕಾಗಬಹುದು, ಸ್ವಲ್ಪ ಉಳಿದರೂ ಉಳಿಯಬಹುದು ಎಂದರು ಇಲ್ಲಿಯ ವೈದ್ಯರು. ಇಲಿಗೆ ಸೂಜಿ ಹಾಕುವ ಕೈ ಅದು, ಆತನಿಗೆ ಅದೇ ಚಿಂತೆ. ಪುಟ್ಟಿ ಮಂಚದ ಮೇಲೆ ಹತ್ತಿ ಕೂತು ಆತನಿಗೆ ಎಡಗೈಯಲ್ಲಿ ಬರೆಯುವುದನ್ನು ಕಲಿಸುತ್ತಿದ್ದಾಳೆ. ಅವಳ ಕಟ್ಟು ಬಿಚ್ಚಿದ್ದಾರೆ, ಕೈ ಸರಿಯಾಗಿದೆ. ಆದರೂ ಟೀಚರ್ ಆಗಿರುವುದೇ ಅವಳಿಗೆ ಹೆಚ್ಚು ಇಷ್ಟ.

ಗುಡ್ಡದ ದಾರಿಗೆ ದನ ಹೋದದ್ದನ್ನು ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದ. "ಆ ಹೆಂಗಸೇ ಮೊದಲು ಹೋದಳಾ?" ಅಂದ. ಹೌದು ಎಂದೆ. ಆಕೆಯ ಮೈದುನನ ವಿಷಯವನ್ನೂ ಬಿಡದೆ ಓದಿದೆ. ಇನ್ನು ಮುಂದೆ ಯಾರಿಗೂ ಏನನ್ನೂ ಬಿಟ್ಟು ಓದುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ.

ಇವತ್ತು ಬೆಳಿಗ್ಗೆ ಪುಟ್ಟಿ ಹೊರಗೆ ನರ್ಸುಗಳ ಜೊತೆ ಇದ್ದಳು. ಆತ ನನ್ನನ್ನು ಸರಿಯಾಗಿ ನೋಡಿ, "ಅಮ್ಮ, ತಪ್ಪು ತಿಳೀಬೇಡಿ. ನೀವು ನನಗೆ ಏನಾಗಬೇಕು?" ಎಂದು ಕೇಳಿದ.

ನಾನು ಯೋಚಿಸಿದೆ. ಅತ್ತೆ ಅಲ್ಲ, ಚಿಕ್ಕಮ್ಮ ಅಲ್ಲ, ಸೊಸೆಯ ಕಡೆಯಿಂದ ಹಿಡಿದರೂ ಮಗನ ಕಡೆಯಿಂದ ಹಿಡಿದರೂ ಹೆಸರು ಸಿಗಲಿಲ್ಲ. "ಸದ್ಯಕ್ಕೆ ಏನೂ ಆಗಬೇಕಿಲ್ಲ. ಮುಂದಕ್ಕೆ ಏನಾಗ್ತೀನೋ ನನಗೂ ಗೊತ್ತಿಲ್ಲ" ಅಂದೆ.

ಆತನ ಕಿವಿ ಕೆಂಪಾಯಿತು. ಜ್ವರ ಅಲ್ಲ, ಕೈ ಇಟ್ಟು ನೋಡಿದೆ.

"ಅವರು ಹಾಗೇನಾದ್ರೂ ಹೇಳಿದ್ರಾ?" ಎಂದು ಕೇಳಿದ.

"ಅವಳು ಏನೂ ಹೇಳಿಲ್ಲ."

"ನಾನೂ ಏನೂ ಹೇಳಿಲ್ಲ."

"ಗೊತ್ತು. ನೀವಿಬ್ಬರೂ ಹೇಳದೆ ಇದ್ದದ್ದನ್ನ ಓದ್ಕೊಂಡೇ ನಾನು ಇಷ್ಟು ದೂರ ಬಂದಿದ್ದು" ಅಂದೆ.

ಗೋಡೆಯ ಕಡೆ ತಿರುಗಿ ಮಲಗಿದ. ನಾನು ಅತಿ ಮಾಡಿದೆನೇನೋ ಎಂದು ನನಗೂ ಅಳುಕಾಯಿತು. ನಿದ್ದೆ ಹತ್ತಿತೆಂದು ಎದ್ದು ಹೊರಡುವಷ್ಟರಲ್ಲಿ, ಗೋಡೆಗೇ ಹೇಳುವ ಹಾಗೆ, "ಅವರು ಯಾವಾಗ ಬರ್ತಾರೆ?" ಅಂದ. ಶನಿವಾರದ ಜೀಪಿಗೆ ಎಂದೆ.

ಆಗಿನಿಂದ, ಕ್ಷೌರದವನನ್ನು ಕರೆಸಿ, ಇಲ್ಲವೇ ಒಂದು ಕನ್ನಡಿ ಕೊಡಿ ಎಂದು ನರ್ಸಿನ ಪ್ರಾಣ ತಿನ್ನುತ್ತಿದ್ದಾನೆ. ಆ ನಡುಗುವ ಕೈಗೆ ಬ್ಲೇಡು ಕೊಡುವುದಿಲ್ಲ ಎಂದು ಆಕೆ ಖಂಡಿತವಾಗಿ ಹೇಳಿದ್ದಾಳೆ. ಕ್ಷೌರದವನು ಬರುವುದು ಸೋಮವಾರವಂತೆ. ನಾಳೆ ನಾನೇ ಸೋಪು ಹಚ್ಚಿ ಬೋಳಿಸಬೇಕು ಎಂದು ಮಾಡಿದ್ದೇನೆ. ಮಗನಿಗೆ ಮೊದಲ ಸಲ ಮೀಸೆ ಬಂದಾಗ ಮಾಡಿದ್ದೆ, ಕೈ ಮರೆತಿರಲಾರದು.

ಬಾ.

ಅತ್ತೆ